ಮಗಳು ಗಾಡಿ ಬುಡಕ ಮಲಗ್ಯಾಳ, ಏನೀಗ?

ಇತ್ತೀಚೆಗೆ ಊರಿಂದ ಫೋನ್ ಮಾಡಿದವರೆಲ್ಲಾ ಒಂದ ಮಾತು ಕೇಳ್ತೀರಿ. "ಅಲ್ಲ ವೈನಿ, ಹುಡುಗಿ ಮೈಕೈ ಎಣ್ಣಿ ಮಾಡ್ಕೊಂಡು ಕಾರಿನ ಬುಡಕ ಮಲಗಿದ್ದ ಫೋಟೋ ನೋಡಿದ್ವಿ, ಏನಿದು?" ಒಬ್ಬೊಬ್ಬರಿಗೂ ಹೇಳೂದಕ್ಕಿಂತ ಇಲ್ಲೇ ಬರದ ಬಿಡ್ತೀನಿ. ನನ್ನ ಪ್ರಕಾರ ಆಕಿ ಮಾಡೂದು ಛಲೋನ ಅದ. ಆದ್ರ ಗರಾಜಿನಾಗ ಯಾವ ಕೆಲಸ ನಡೀಬೇಕು, ಯಾವುದು ನಡೀಬಾರದು ಅನ್ನೂದನ್ನ ಮನಿಯವರು ಬಾಯಿಬಿಟ್ಟು ಹೇಳಬೇಕು. "ನಮಗೇನು ತಿಳೀತದ" ಅಂತ ಅಡಿಗಿಮನಿಯೊಳಗ ಕೂಡಬಾರದು.

ಆಟೋಕ್ರಾಸ್ ಅಂದ್ರ ನೀವು ಟೀವಿಯೊಳಗ ನೋಡೂ ರೇಸ್ ಅಲ್ರೀ. ಇಲ್ಲೆ ಅಮೆರಿಕಾದಾಗ ದೊಡ್ಡ ಖಾಲಿ ಪಾರ್ಕಿಂಗ್ ಜಾಗಾನೋ, ಹಳೆ ವಿಮಾನದ ಓಡುದಾರಿನೋ ಹಿಡಿದು, ಕಿತ್ತಳೆ ಬಣ್ಣದ ಕೋನ್ ಇಟ್ಟು ಸೊಟ್ಟಪಟ್ಟ ಹಾದಿ ಮಾಡ್ತಾರ. ಗಡಿಯಾರದ ಜೋಡಿ ಸ್ಪರ್ಧಾ, ಬಾಜೂಕ ಇನ್ನೊಂದು ಗಾಡಿ ಇರೂದಿಲ್ಲ. ಹೆಚ್ಚುಕಡಿಮಿ ಒಂದು ನಿಮಿಷದಾಗ ಮುಗೀತದ. ಒಂದು ಕೋನ್ ಕೆಡವಿದರ 2 ಸೆಕೆಂಡ್ ದಂಡ. ಓಡಿಸಿದವರ ಆಮ್ಯಾಲ ಬಿಸಿಲಾಗ ನಿಂತು, ಬ್ಯಾರೆಯವರು ಕೆಡವಿದ ಕೋನ್ ಎತ್ತಿಡಬೇಕು. ಈ ಪದ್ಧತಿ ನನಗ ಭಾಳ ಸೇರತದ, ಉಂಡವರ ಎಲಿ ಎತ್ತಿಧಂಗ. 1944ರಾಗ ಹುಟ್ಟಿದ ಎಸ್‌ಸಿಸಿಎ ಅನ್ನೂ ಕ್ಲಬ್ ಇದನ್ನ "ಸೋಲೋ" ಅಂತ ಕರೀತದ. ಹೆಂಗಸರಿಗೆ ಬ್ಯಾರೆ ವರ್ಗಾನೂ ಅದಾವ, ಬ್ಯಾಡಾದ್ರ ಗಂಡಸರ ಸರೀಕ ನಿಂದ್ರಬಹುದು. ನಮ್ಮ ಕೊಡಗು, ಚಿಕ್ಕಮಗಳೂರ ಕಡೆನೂ ಆಟೋಕ್ರಾಸ್ ಆಗ್ತಾವ, ಮಣ್ಣಿನ ಮ್ಯಾಲ.

ಆಕಿ ಗಾಡಿ ಹಳೆ ಮಜ್ದಾ ಮಿಯಾಟಾ, ಕಣ್ಣು ತೆರದು ಮುಚ್ಚೂ ಹೆಡ್‌ಲೈಟಿಂದು. ಎರಡ ಸೀಟು, ತೂಕ ಒಂದು ಟನ್ನಿನ ಆಸುಪಾಸು. ಗಾಡಿ ತಂದ ಕೂಡಲೆ ಗೆಳೆಯರು "ಟರ್ಬೊ ಹಾಕು" ಅಂತ ಗಂಟು ಬಿದ್ರು. ನಾನು ಇದಕ್ಕ ಒಪ್ಪೂದಿಲ್ಲ. ಈ ಆಟದಾಗ ಗಾಡಿ ಬಹುಪಾಲು ಎರಡನೇ ಗೇರಿನಾಗ ತಿರುವ್ಯಾಡತದ, ಅಲ್ಲೆ ಬೇಕಾದ್ದು ಹಿಡಿತ. ಹಿಡಿತ ಕೊಡೂದು ಟೈರು. ಮೊದಲ ಛಲೋ ಟೈರು, ಆಮ್ಯಾಲ ಬ್ರೇಕ್ ಪ್ಯಾಡು, ಆಮ್ಯಾಲ ಚಕ್ರದ ಅಲೈನ್‌ಮೆಂಟು. ಮುಂದಿನ ಚಕ್ರ ಮ್ಯಾಲಿನ ತುದಿಗೆ ಸೊಲ್ಪ ಒಳಗ ವಾಲಿಸ್ತಾರ. ತಿರುವಿನಾಗ ಗಾಡಿ ವಾಲಿದಾಗ ಟೈರು ನೆಲಕ್ಕ ಪೂರ್ತಿ ಕೂಡಲಿ ಅಂತ. ಇನ್ನ ಗಾಳಿ ಎಷ್ಟು ಹಾಕಬೇಕು ಅಂತ ನೋಡಲಿಕ್ಕೆ ಟೈರಿನ ಅಂಚಿಗೆ ಬಿಳಿ ಬೂಟ್ ಪಾಲಿಶ್ ಹಚ್ಚತಾಳ. ಒಂದು ಸುತ್ತು ಹೊಡದು ಬಂದ ಮ್ಯಾಲ ಪಾಲಿಶ್ ಎಲ್ಲಿ ತನಕ ಅಳಿಸೇದ ಅಂತ ನೋಡಿದರ, ಟೈರು ಎಷ್ಟು ಮಗ್ಗಲಾಗೇದ ಗೊತ್ತಾಗತದ. ಭಾಳ ಮಗ್ಗಲಾದರ ಗಾಳಿ ಹೆಚ್ಚು ಮಾಡೂದು. ಇಷ್ಟ ಲೆಕ್ಕ! ಟರ್ಬೊಕ್ಕ ಇನ್ನೊಂದು ತಂಟೆ. ಮೂಲದ ಗಾಡಿ ಬದಲಿಸಿದಷ್ಟೂ ಗುಂಪು ಬದಲಾಗತದ. ಸ್ಟ್ರೀಟ್ ಅನ್ನೂ ವರ್ಗದಾಗ ಟೈರು, ಪ್ಯಾಡು, ಶಾಕ್‌ಅಬ್ಸಾರ್ಬರ್, ಒಂದು ಕಡೆ ಸ್ವೇಬಾರ್, ಹಿಂತಾವಷ್ಟ ನಡೀತಾವ. ಟರ್ಬೊ ಹಾಕಿದರ ಅರೆಬರೆ ಗಾಡಿ ತಗೊಂಡು ಪಳಗಿದವರ ನಡುವ ಹೋಗಿ ನಿಂತಂಗ. ಇನ್ನ ಸ್ಟೀರಿಂಗ್ ಹಿಡಿಯೂದು ಕಲಿಯೂ ಹುಡುಗಿಗೆ ಅದು ಯಾಕ ಬೇಕು?

ಈಗ ನಿಮ್ಮ ಹೆದರಿಕಿ ಮಾತು. ಕೋನಿಗೆ ಹೆದರಬ್ಯಾಡ್ರಿ, ಗರಾಜಿಗೆ ಹೆದರ್ರಿ. ಜಾಕ್ ಇರೂದು ಗಾಡಿ ಎತ್ತಲಿಕ್ಕೆ, ಹೊತ್ತು ನಿಂದ್ರಲಿಕ್ಕಲ್ಲ. ಒಳಗಿನ ಎಣ್ಣಿ ಸೋರಿದರ ಮೆಲ್ಲಕ ಇಳೀತದ, ಒಮ್ಮೊಮ್ಮೆ ಮೆಲ್ಲಕನೂ ಅಲ್ಲ. ಸಪಾಟು ನೆಲ, ಕಬ್ಬಿಣದ ಸ್ಟ್ಯಾಂಡು, ಇಳಿಸಿದ ಮ್ಯಾಲ ಗಾಡಿ ಅಲುಗಾಡಿಸಿ ನೋಡೂದು, ಅಷ್ಟಾದ ಮ್ಯಾಲ ಬುಡಕ ಹೋಗಬೇಕು. ಒಬ್ಬಾಕಿನ ಮನಿಯೊಳಗಿದ್ದಾಗಂತೂ ಬ್ಯಾಡವೇ ಬ್ಯಾಡ. ಸ್ಪ್ರಿಂಗ್ ಕೆಲಸ ನಮ್ಮ ಮನಿಯಾಗ ಬಂದ್. ಶಾಕ್‌ಅಬ್ಸಾರ್ಬರ್ ಬದಲಿಸಬೇಕಂದ್ರ ಈ ಗಾಡಿಯಾಗ ಸ್ಪ್ರಿಂಗ್ ಅದುಮಿ ಹಿಡೀಬೇಕು, ಅದು ಜಾರಿ ಚಿಮ್ಮಿದರ ಮುಖ ಉಳಿಯೂದಿಲ್ಲ. ಅದಕ್ಕ ವರ್ಕ್‌ಶಾಪಿಗೆ ರೊಕ್ಕ ಕೊಟ್ಟರ ಕೈ ಸಣ್ಣದಾಗೂದಿಲ್ಲ. ಬ್ರೇಕ್ ಎಣ್ಣಿ ಆಕಿನ ಬದಲಿಸ್ತಾಳ, ನಾನು ಪೆಡಲ್ ತುಳೀತೀನಿ, ಆಕಿ ಕೆಳಗ ಗಾಳಿ ಗುಳ್ಳಿ ಬಿಡಸ್ತಾಳ. ಈ ಎಣ್ಣಿ ಹಪ್ಪಳದಂಗ ಗಾಳಿಯೊಳಗಿನ ಪಸಿ ಎಳಕೋತದ. ಹಳೇದಾದರ ಬಿಸಿಗೆ ಬೇಗ ಕುದ್ದು, ಬ್ರೇಕ್ ಮೆತ್ತಗಾಗತದ. ಬಣ್ಣದ ಮ್ಯಾಲ ಬಿದ್ದರ ಬಣ್ಣಾನೂ ತಿಂತದ, ಕೂಡಲೆ ನೀರು ಹಾಕಿ ತೊಳೀರಿ.

ರೊಕ್ಕದ್ದು? ನಾಕು ಟೈರು ಅಗ್ಗ ಅಲ್ಲ. ಆದ್ರ ನಮ್ಮ ಕಪಾಟಿನಾಗ ಉಡದ ಇಟ್ಟ ರೇಷ್ಮಿ ಸೀರಿ ಎಣಿಸಿ ಆಮ್ಯಾಲ ಮಾತಾಡೂಣ. ವಿಮಾ ಮಾತ್ರ ಓದಿ ನೋಡ್ರಿ, ಟೈಮ್ ಹಿಡಿಯೂ ಸ್ಪರ್ಧಾದಾಗ ಆದ ಹಾನಿಗೆ ಕೈ ಎತ್ತೂ ಪಾಲಿಸಿ ಅದಾವ.

"ಇಂಥಾ ಹುಡುಗಿಗೆ ವರ ಎಲ್ಲಿ ಸಿಗ್ತಾನ" ಅಂತ ಅತ್ಯಾ ಕೇಳ್ಯಾರ. ಅತ್ಯಾ, ಯಾವನರ ಸಿಕ್ಕರ ಮೊದಲ ಪೆಡಲ್ ತುಳಿಯಲಿಕ್ಕೆ ಕೂಡಸ್ತೀನಿ, ನನ್ನ ಮೊಣಕಾಲು ನೋಯಲಿಕ್ಕತ್ತಾವ.