ಅವ್ವ ಬಿಟ್ಟುಹೋದ ಕೊನೇ ರೀಲು

ಈ ವಾರ ಗಾಂಧಿನಗರದ ಗಾಳಿಸುದ್ದಿ ಇಲ್ಲ. ಯಾವ ನಟಿ ಯಾರ ಕಾರಿನಲ್ಲಿ ಕಂಡಳು ಎಂಬುದೇ ಬೇಕೆನ್ನುವವರು ಪುಟ ತಿರುವಿ ಮುಂದೆ ಹೋಗಬಹುದು, ಬೇಜಾರಿಲ್ಲ. ಹದಿನೈದು ದಿನ ನಾನು ಊರಿನಲ್ಲಿ ಕೂತು ಕೌದಿ ಹೊಲಿಯುತ್ತಿದ್ದೆ. ನಗಬ್ಯಾಡ್ರಪ್ಪಾ!

ನಮ್ಮದು ಗದಗ ಕಡೆ. ಕೌದಿ ಕಾಣದ ಓದುಗರಿಗಾಗಿ ಹೇಳುತ್ತೇನೆ: ಹಳೇ ಸೀರೆ, ಧೋತರ, ಅಂಗಿ ಎಲ್ಲ ಒಗೆದು, ಪದರದ ಮೇಲೆ ಪದರ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಕೂಡಿಸಿ ಕೈಯಲ್ಲೇ ಹೊಲಿಯುವ ಹೊದಿಕೆ ಅದು. ಅವ್ವ ಅಂಚಿನಿಂದ ಶುರುಮಾಡಿ, ಸುತ್ತು ಹೊಡೆಯುತ್ತ ಒಳಕ್ಕೆ ಬರುತ್ತಿದ್ದಳು. ಸಾಲಿಗೂ ಸಾಲಿಗೂ ನಡುವೆ ಒಂದೇ ಬೆರಳಗಲ. ಹೋದ ಚಳಿಗಾಲದಲ್ಲಿ ತೀರಿಕೊಂಡಳು. ನಟ್ಟನಡುವೆ ಎರಡು ಗೇಣು ಜಾಗ ಹಾಗೇ ಉಳಿದಿತ್ತು. ಸೂಜಿಯೂ ದಾರ ಸಮೇತ ಚುಚ್ಚಿಕೊಂಡೇ ಇತ್ತು.

"ಯಾರಿಗರೆ ರೊಕ್ಕಾ ಕೊಟ್ಟು ಮುಗಿಸಿಬಿಡು. ನಿನಗೇನು ಹೊಲಿಯಾಕ ಬರತೈತಿ?" ಅಂದ ಅಣ್ಣ. ಮಾತು ನಿಜವೇ. ಪಿಯುಸಿಯನ್ನೇ ಅರ್ಧಕ್ಕೆ ಬಿಟ್ಟವನು ನಾನು, ಮುಗಿಸುವ ವಿದ್ಯೆ ನನಗೆಲ್ಲಿಂದ ಬರಬೇಕು?

ಆದರೆ ತಲೆಯೊಳಗೆ ಪುಟ್ಟಣ್ಣ ಕಣಗಾಲ್ ಕೂತುಬಿಟ್ಟಿದ್ದರು. 1985ರ ಜೂನ್‌ನಲ್ಲಿ ಅವರು ತೀರಿಕೊಂಡಾಗ ‘ಮಸಣದ ಹೂವು’ ಇನ್ನೂ ಮುಗಿದಿರಲಿಲ್ಲ. ಮುಗಿಸಿದವರು ಕೆ.ಎಸ್.ಎಲ್. ಸ್ವಾಮಿ. ಅಂಬರೀಷ್, ಜಯಂತಿ, ಆಗಷ್ಟೇ ಬಂದ ಹುಡುಗಿ ಅಪರ್ಣಾ ಅದರಲ್ಲಿದ್ದರು. ಪುಟ್ಟಣ್ಣ ಎಲ್ಲಿ ನಿಂತರು, ಸ್ವಾಮಿ ಎಲ್ಲಿ ಹಿಡಿದರು ಅಂತ ಹುಡುಕುತ್ತ ಮೂರು ಸಲ ನೋಡಿದ್ದೇನೆ. ನನ್ನ ಕಣ್ಣಿಗಂತೂ ಆ ಜೋಡು ಸಿಕ್ಕಿಲ್ಲ. ಹಿಂದಿಯ ‘ಲವ್ ಅಂಡ್ ಗಾಡ್’ ಹಾಡು ಬೇರೆ. ನಾಯಕ ಗುರುದತ್ 1964ರಲ್ಲಿ ಹೋದರು, ಆ ಜಾಗಕ್ಕೆ ಸಂಜೀವ್ ಕುಮಾರ್ ಬಂದರು. 1971ರಲ್ಲಿ ನಿರ್ದೇಶಕ ಕೆ. ಆಸಿಫ್ ಹೋದರು. ಚಿತ್ರ ತೆರೆ ಕಂಡದ್ದು 1986ರಲ್ಲಿ, ಅಷ್ಟೊತ್ತಿಗೆ ಸಂಜೀವ್ ಕುಮಾರ್ ಕೂಡ ಇರಲಿಲ್ಲ! ತೇಪೆ ಕಾಣುತ್ತದೆ ನಿಜ. ಆದರೂ ಡಬ್ಬದಲ್ಲಿ ಕೊಳೆಯಲು ಬಿಡಲಿಲ್ಲವಲ್ಲ.

ಸರಿ, ಸೂಜಿ ಹಿಡಿದೆ. ಓಣಿಯ ದೊಡ್ಡವ್ವ ಪಕ್ಕದಲ್ಲಿ ಕೂತು ಬೈದೇ ಬೈದಳು. "ತಮ್ಮಾ, ದಾರಾ ಜಗ್ಗಬ್ಯಾಡೋ, ಬಟ್ಟಿ ಮುದುಡತೈತಿ. ನಿಮ್ಮವ್ವ ಉಸುರಾಡಿದಂಗ ಹೊಲಿತಿದ್ಲು." ಮೊದಲ ದಿನ ಹೊಲಿದದ್ದು ಎರಡೇ ಸಾಲು. ಎರಡನ್ನೂ ಬಿಚ್ಚಿಸಿದಳು.

ನಡುವಿನ ಜಾಗಕ್ಕೆ ತುಂಡು ಬೇಕಲ್ಲ ಅಂತ ಅವ್ವನ ಗಂಟು ಬಿಚ್ಚಿದೆ. ಎಲ್ಲದರ ಕೆಳಗೆ ನನ್ನ ಕಾಲೇಜಿನ ತಿಳಿನೀಲಿ ಅಂಗಿ! ಓದು ಬಿಟ್ಟು ಬೆಂಗಳೂರು ಬಸ್ಸು ಹತ್ತುವ ದಿನ ಅದನ್ನು ಮೂಲೆಗೆ ಎಸೆದು ಹೋಗಿದ್ದೆ. ಮುಂದೊಂದು ದಿನ ಕೇಳಿದಾಗ, "ಬಾಂಡೇದಾಕಿಗೆ ಹಾಕಿದೆ, ಒಂದು ಸ್ಟೀಲ್ ಡಬ್ಬಿ ಬಂತು" ಅಂದಿದ್ದಳು. ಸುಳ್ಳು. ಗುಂಡಿ ಕಿತ್ತು, ತೋಳು ಬಿಡಿಸಿ, ಸರಿಯಾಗಿ ಎರಡು ಗೇಣಿಗೆ ಕತ್ತರಿಸಿ ಇಟ್ಟಿದ್ದಳು. ನಾನು ಓದು ಬಿಟ್ಟದ್ದಕ್ಕೆ ಒಂದು ದಿನವೂ ಒಂದು ಮಾತು ಆಡಿದವಳಲ್ಲ.

ಮೇಲೆ ಕಾಣುವಂತೆ ಹಾಕಬೇಕೆಂದಿದ್ದಳೋ, ಒಳಪದರದಲ್ಲಿ ಮುಚ್ಚಬೇಕೆಂದಿದ್ದಳೋ? ದೊಡ್ಡವ್ವನನ್ನು ಕೇಳಿದೆ. "ನನಗೇನ್ ಹೇಳಿಲ್ಲಪಾ" ಅಂದು ಎದ್ದು ಹೋದಳು. ಆ ರಾತ್ರಿ ಸೂಜಿ ಮುಟ್ಟಲಿಲ್ಲ. ಬೆಳಿಗ್ಗೆ ಎದ್ದವನೇ ಮೇಲೆಯೇ ಇಟ್ಟು ಹೊಲಿದೆ, ಜೇಬು ಇದ್ದ ಗುರುತು ಕಾಣುವಂತೆ.

ಮುಗಿದ ಮೇಲೆ ದೊಡ್ಡವ್ವ ಬಂದು ಕೌದಿ ಮಗುಚಿದಳು. ಕಣ್ಣು ಮಂಜಾದ ಮುದುಕಿ, ಬೆರಳನ್ನು ಹೊಲಿಗೆಯ ಮೇಲೆ ಎಳೆಯುತ್ತ ಬಂದು ಒಂದು ಕಡೆ ನಿಲ್ಲಿಸಿದಳು.

"ಇಲ್ಲಿಂದ ನಿಂದು."

ಅಣ್ಣನ ಮಗಳು ಈಗ ಅದನ್ನೇ ಹೊದ್ದು ಮಲಗುತ್ತಾಳೆ. ನನ್ನ ಸಾಲುಗಳಲ್ಲಿ ಒಂದು ಆಗಲೇ ಬಿಚ್ಚಿದೆಯಂತೆ, ನಿನ್ನೆ ಫೋನು ಬಂತು. ಶನಿವಾರ ರಾತ್ರಿ ಬಸ್ಸಿಗೆ ಹೊರಟಿದ್ದೇನೆ. ಗಾಳಿಸುದ್ದಿ ಮುಂದಿನ ವಾರ, ಖಂಡಿತ!