ಎದುರು ಮಾತಿಗೆ ಎಷ್ಟು ನಿಮಿಷ?

ಕೆಲವು ವರ್ಷಗಳ ಹಿಂದೆ ಒಂದು ಸುದ್ದಿವಾಹಿನಿಯಿಂದ ಫೋನು ಬಂತು. ರಾತ್ರಿಯ ಚರ್ಚೆಗೆ ಬರಬೇಕಂತೆ. ವಿಷಯ ಏನೆಂದು ಕೇಳಿದೆ. "ನಿಮ್ಮವರದ್ದೇ ವಿಷಯ ಸಾರ್" ಎಂದ ಆ ಹುಡುಗ. ನಾನು ಕಥೆ ಬರೆಯುವವನಪ್ಪಾ, ಅದರಲ್ಲಿ ಪಂಡಿತನಲ್ಲ ಎಂದೆ. "ಪರವಾಗಿಲ್ಲ ಸಾರ್, ಎದುರು ಮಾತಾಡೋರು ಒಬ್ಬರು ಬೇಕು. ಆದರೆ ಟೋಪಿ ಹಾಕ್ಕೊಂಡು ಬನ್ನಿ." ನಾನು ಹೋಗಲಿಲ್ಲ. ಅಂದು ಇನ್ಯಾರೋ ಟೋಪಿ ಹಾಕಿಕೊಂಡು ಪರದೆಯ ಮೂಲೆಯ ಚೌಕದಲ್ಲಿ ಕೂತಿದ್ದರು. ಒಂದು ಗಂಟೆಯಲ್ಲಿ ಅವರ ಒಂದು ವಾಕ್ಯವೂ ಪೂರ್ತಿಯಾಗಲಿಲ್ಲ.

ವಾಹಿನಿಗಳು ಎದುರು ಪಕ್ಷದ ಮಾತನ್ನೂ ಕಡ್ಡಾಯವಾಗಿ ಬಿತ್ತರಿಸಬೇಕು ಎನ್ನುವ ಗೆಳೆಯರಿಗೆ ನಾನು ಈ ಕತೆಯನ್ನೇ ಹೇಳುತ್ತೇನೆ. ಅಂಥ ಕಾನೂನು ಬಂದರೆ ವಾಹಿನಿಗಳು ಈ ಚೌಕವನ್ನೇ ತೋರಿಸಿ ಕೈತೊಳೆದುಕೊಳ್ಳುತ್ತವೆ. ಹಾಗಾದರೆ ಕಾನೂನೇ ಬೇಡವೇ? ಬೇಕು. ಆದರೆ ಎದುರಾಳಿಯನ್ನು ವಾಹಿನಿ ಆರಿಸಬಾರದು. ಯಾರ ಮೇಲೆ ಆರೋಪ ಬಂತೋ ಅವರೇ, ಅದೇ ಹೊತ್ತಿನಲ್ಲಿ, ನಡುವೆ ಬಾಯಿ ಹಾಕುವವರಿಲ್ಲದೆ ಉತ್ತರ ಹೇಳುವಂತಿರಬೇಕು.

ಇದೇನೂ ಹೊಸ ಮಾತಲ್ಲ. ಅಮೆರಿಕದಲ್ಲಿ 1949ರಿಂದ 1987ರವರೆಗೆ, ವಿವಾದದ ವಿಷಯಗಳಲ್ಲಿ ಭಿನ್ನ ನಿಲುವುಗಳಿಗೂ ಜಾಗ ಕೊಡಬೇಕೆಂಬ ನಿಯಮವಿತ್ತು. 1964ರಲ್ಲಿ ಪೆನ್ಸಿಲ್ವೇನಿಯಾದ ಸಣ್ಣ ರೇಡಿಯೋ ಕೇಂದ್ರವೊಂದರಲ್ಲಿ ಪಾದ್ರಿಯೊಬ್ಬರು ಫ್ರೆಡ್ ಕುಕ್ ಎಂಬ ಲೇಖಕರನ್ನು ಜರೆದರು. ಉತ್ತರಿಸಲು ಕುಕ್ ಸಮಯ ಕೇಳಿದರು. ಕೇಂದ್ರ ದುಡ್ಡು ಕೇಳಿತು. 1969ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಪ್ರಸಾರಕರ ಹಕ್ಕಿಗಿಂತ ಕೇಳುಗರ ಹಕ್ಕು ದೊಡ್ಡದು ಎಂದು ತೀರ್ಪಿತ್ತಿತು. ಡೆಮಾಕ್ರಟಿಕ್ ಪಕ್ಷದವರು ಇದೇ ನಿಯಮ ಹಿಡಿದು ಬಲಪಂಥೀಯ ಕೇಂದ್ರಗಳನ್ನು ಕಾಡಿದ್ದೂ ಆಮೇಲೆ ಬಯಲಾಯಿತು. ಅದನ್ನು ನಾವು ಮುಚ್ಚಿಡಬೇಕಾಗಿಲ್ಲ.

ನಮ್ಮ ಸುಪ್ರೀಂ ಕೋರ್ಟು 1995ರಲ್ಲಿ, ಕ್ರಿಕೆಟ್ ಪ್ರಸಾರದ ವ್ಯಾಜ್ಯವೊಂದರಲ್ಲಿ, ವಾಯುತರಂಗಗಳು ಸಾರ್ವಜನಿಕ ಆಸ್ತಿ ಎಂದಿತು. ಕೇಂದ್ರ ಸರಕಾರ ಅದೇ ಮಾತು ಹಿಡಿದು 2022ರಲ್ಲಿ, ಖಾಸಗಿ ವಾಹಿನಿಗಳು ದಿನಕ್ಕೆ ಅರ್ಧ ಗಂಟೆ ಕೃಷಿ, ಆರೋಗ್ಯ, ರಾಷ್ಟ್ರೀಯ ಭಾವೈಕ್ಯದಂಥ ವಿಷಯ ಬಿತ್ತರಿಸಬೇಕೆಂದು ವಿಧಿಸಿತು. ಭಾವೈಕ್ಯಕ್ಕೆ ಸಮಯ ಕೇಳಬಹುದಾದರೆ, ಅದನ್ನು ಕೆಡಿಸಿದ ರಾತ್ರಿಯ ಮರುದಿನ ಉತ್ತರಕ್ಕೆ ಹತ್ತು ನಿಮಿಷ ಕೇಳುವುದು ಹೇಗೆ ಅತಿಯಾದೀತು?

2020ರ ಮಾರ್ಚ್ ಕೊನೆಯ ದಿನಗಳನ್ನು ನೆನೆಯಿರಿ. ದೆಹಲಿಯ ತಬ್ಲೀಗ್ ಸಮಾವೇಶದ ಹೆಸರು ಹಿಡಿದು ವಾಹಿನಿಗಳು ಒಂದು ಸಮುದಾಯವನ್ನೇ ರೋಗವೆಂಬಂತೆ ತೋರಿಸಿದವು. ಅದೇ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ, ವಿದೇಶಿ ತಬ್ಲೀಗಿಗಳ ಮೇಲಿನ ಮೊಕದ್ದಮೆ ರದ್ದುಮಾಡಿ ಈ ಪ್ರಚಾರವನ್ನು ಖಂಡಿಸಿತು. ವಾಹಿನಿಗಳೇ ಕಟ್ಟಿಕೊಂಡ ಪ್ರಾಧಿಕಾರ ಎರಡು ಕನ್ನಡ ವಾಹಿನಿಗಳಿಗೆ ದಂಡ ಹಾಕಿದ್ದು 2021ರ ಜೂನಿನಲ್ಲಿ: ಒಂದಕ್ಕೆ 1 ಲಕ್ಷ ರೂಪಾಯಿ, ಇನ್ನೊಂದಕ್ಕೆ 50 ಸಾವಿರ. ಒಂದೂಕಾಲು ವರ್ಷ ಕಳೆದಿತ್ತು. ನಮ್ಮ ಬೀದಿಗೆ ಬರುತ್ತಿದ್ದ ಹಣ್ಣಿನ ಗಾಡಿಯವನು ಅಷ್ಟರಲ್ಲಿ ಗಾಡಿ ಮಾರಿ ಗಾರೆ ಕೆಲಸಕ್ಕೆ ಸೇರಿದ್ದ. ಇಷ್ಟವಿಲ್ಲದಿದ್ದರೆ ಚಾನೆಲ್ ಬದಲಿಸಿ ಎನ್ನುತ್ತಾರಲ್ಲ, ಅವನು ಯಾವ ಚಾನೆಲ್ ಬದಲಿಸಬೇಕಿತ್ತು? ನೋಡುತ್ತಿದ್ದವನು ಅವನಲ್ಲ, ಅವನ ಗಿರಾಕಿಗಳು.

ಸರಕಾರದ ಕೈಗೆ ತಕ್ಕಡಿ ಕೊಟ್ಟರೆ ಅದು ತೂಕ ತಪ್ಪಿಸುವುದಿಲ್ಲವೇ ಎಂಬ ಭಯ ನ್ಯಾಯವಾದದ್ದೇ. 2024ರ ಚುನಾವಣೆಯಲ್ಲಿ ಕಾನೂನುಬದ್ಧವಾಗಿ ಸಿಕ್ಕ ಪ್ರಸಾರ ಸಮಯದಲ್ಲೇ ದೂರದರ್ಶನ ಮತ್ತು ಆಕಾಶವಾಣಿ, ಸಿಪಿಎಂನ ಸೀತಾರಾಂ ಯೆಚೂರಿಯವರ ಭಾಷಣದ ಪದಗಳನ್ನು ತೆಗೆಸಿದವು; ಫಾರ್ವರ್ಡ್ ಬ್ಲಾಕ್ ನಾಯಕರೊಬ್ಬರಿಗೆ 'ಮುಸ್ಲಿಮರು' ಎಂಬ ಪದವನ್ನೇ ಬಿಡಲು ಹೇಳಿದವು. ಆದ್ದರಿಂದ ಈ ಕೆಲಸ ಮಂತ್ರಾಲಯದ್ದಾಗಬಾರದು. ಐರೋಪ್ಯ ಒಕ್ಕೂಟದಲ್ಲಿ, ಟಿವಿ ಹೇಳಿದ ಸುಳ್ಳಿನಿಂದ ಹೆಸರು ಕೆಟ್ಟವರಿಗೆ ಉತ್ತರಿಸುವ ಹಕ್ಕನ್ನು ಕಾನೂನೇ ಕೊಟ್ಟಿದೆ. ತಕರಾರು ಬಂದರೆ ನ್ಯಾಯಾಲಯವಿದೆ. ನಮಗೂ ಅಷ್ಟು ಸಾಕು.

ಇಡೀ ಸಮುದಾಯದ ಮೇಲೆ ಆರೋಪ ಬಂದಾಗ ಉತ್ತರ ಹೇಳುವವರು ಯಾರು? ಇದು ನಿಜಕ್ಕೂ ತೊಡಕಿನ ಪ್ರಶ್ನೆ. ಮೌಲ್ವಿಗಳೇ ಬರಬೇಕೆಂದೇನಿಲ್ಲ, ನನ್ನಂಥ ಕಥೆಗಾರರಂತೂ ಬೇಡ. ದೂರು ಕೊಟ್ಟವರು ತಮ್ಮೊಳಗೇ ಒಬ್ಬರನ್ನು ಕಳಿಸಲಿ. ಆ ಹಣ್ಣಿನ ಗಾಡಿಯವನೇ ಹೋಗಲಿ. ಟೋಪಿ ಹಾಕುವುದು ಬಿಡುವುದು ಅವನಿಷ್ಟ.