ಮಡಿಲು ಬೆಲ್ಟ್ ಅಲ್ಲ

ಕಬ್ಬಿನ ಹಂಗಾಮಿನಲ್ಲಿ, ಬೀಗರ ಮನೆಯ ಕಾರ್ಯಕ್ಕೆಂದು ಮಲೆನಾಡಿನಿಂದ ಜಮಖಂಡಿಗೆ ಹೋಗಿದ್ದೆ. ರಾತ್ರಿ ಮುಧೋಳದಿಂದ ಹಿಂತಿರುಗುವಾಗ ಹಿಂಬದಿ ದೀಪವಿಲ್ಲದ ಕಬ್ಬಿನ ಟ್ರೇಲರೊಂದು ತಟ್ಟನೆ ಮುಂದೆ ಕಾಣಿಸಿತು. ಅಳಿಯಂದಿರು ಬ್ರೇಕ್ ಒತ್ತಿದರು. ಮುಂದಿನ ಸೀಟಿನಲ್ಲಿ ನನ್ನ ಮಡಿಲಲ್ಲಿದ್ದ ಒಂದೂವರೆ ವರ್ಷದ ಮೊಮ್ಮಗ ಕೈಜಾರಿ ಡ್ಯಾಶ್‌ಬೋರ್ಡಿಗೆ ಬಡಿದ. ಪುಣ್ಯಕ್ಕೆ ಹಣೆ ಊದಿದ್ದಷ್ಟೇ. ಅವನಿಗೆಂದು ಕೊಂಡ ಸೀಟು ಅಟ್ಟದ ಮೇಲಿತ್ತು. "ಕೂಸು ಅಳತೈತ್ರಿ, ತೊಡಿ ಮ್ಯಾಲ ಇದ್ರ ಸುಮ್ಮನಿರತೈತಿ" ಎಂದ ಬೀಗಿತ್ತಿಯವರ ಮಾತಿಗೆ ನಾನೂ ತಲೆದೂಗಿದ್ದೆ.

ಲೆಕ್ಕ ನೋಡಿ. ಗಂಟೆಗೆ 60 ಕಿ.ಮೀ. ವೇಗದ ಡಿಕ್ಕಿಯೆಂದರೆ ಸುಮಾರು 45 ಅಡಿ ಮೇಲಿಂದ, ಅಂದರೆ ಬೆಳೆದ ಅಡಿಕೆ ಮರದ ತುದಿಯಿಂದ ಬಿದ್ದ ಹಾಗೆ. ಆ ಹೊಡೆತಕ್ಕೆ ಯಾವ ತೋಳೂ ಮಗುವನ್ನು ಹಿಡಿದಿಡಲಾರದು. ಹಗ್ಗ ನೋಡದೆ ಕೊನೆ ಕೊಯ್ಯುವವನನ್ನು ಮರ ಹತ್ತಿಸದ ನಾವು, ಮೊಮ್ಮಕ್ಕಳನ್ನು ಮಾತ್ರ ಹಾಗೆಯೇ ಕೂರಿಸಿಕೊಳ್ಳುತ್ತೇವೆ.

ಸೀಟು ಮಗುವಿನ ತೂಕ, ಎತ್ತರಕ್ಕೆ ಹೊಂದಬೇಕು. ಅದನ್ನು ಕಾರಿನ ಹಿಂದಿನ ಸೀಟಿನಲ್ಲೇ ಬಿಗಿಯಬೇಕು. ಹಿಡಿದು ಅಲುಗಿಸಿದರೆ ಒಂದಂಗುಲಕ್ಕಿಂತ ಹೆಚ್ಚು ಸರಿಯಬಾರದು. ಭುಜದ ಪಟ್ಟಿ ಸಡಿಲವಿರಬಾರದು. ಎಳೆಯ ಮಕ್ಕಳ ಕತ್ತು ಇನ್ನೂ ಗಟ್ಟಿಯಾಗಿರುವುದಿಲ್ಲವಾದ್ದರಿಂದ, ಸೀಟಿನ ತೂಕ-ಎತ್ತರದ ಮಿತಿ ಮುಟ್ಟುವವರೆಗೂ ಅವರನ್ನು ಕಾರಿನ ಹಿಂಬದಿಗೆ ಮುಖ ಮಾಡಿಯೇ ಕೂರಿಸಬೇಕು. ಅಂಥ ಸೀಟನ್ನು ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಎಂದಿಗೂ ಇಡಬಾರದು.

ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ, 14 ವರ್ಷದೊಳಗಿನ ಮಗುವನ್ನು ಬೆಲ್ಟಿನಿಂದಾಗಲಿ ಮಕ್ಕಳ ಸೀಟಿನಿಂದಾಗಲಿ ಭದ್ರಪಡಿಸದೆ ವಾಹನ ಓಡಿಸಿದವರಿಗೆ 1000 ರೂ. ದಂಡವಿದೆ. ದಂಡದ ಮಾತು ಹಾಗಿರಲಿ. ಮಗು ನಾಲ್ಕು ದಿನ ಅತ್ತೀತು, ಆಮೇಲೆ ರೂಢಿಯಾದೀತು. ಸದಸ್ಯ ಬಾಂಧವರು ಅಟ್ಟದ ಮೇಲಿನ ಸೀಟನ್ನು ಇಂದೇ ಇಳಿಸಬೇಕೆಂದು ವಿನಂತಿ.